ಅಮ್ಮನ ಬಸ್ಸಾರು ನನ್ನ ಕೈಗೆ ಬರುತ್ತಿಲ್ಲ, ಏನು ಬಿಟ್ಟುಹೋಗುತ್ತಿದೆ?

ಕಟ್ಟೆಪುರಾಣ
ಮಂಡ್ಯ, ಹಾಸನ, ಮೈಸೂರು ಕಡೆಯವರು ದಯವಿಟ್ಟು ಸಹಾಯ ಮಾಡಿ. ನಮ್ಮೂರು ನಾಗಮಂಗಲದ ಹತ್ತಿರ, ನಾನಿರುವುದು ಬೆಂಗಳೂರಿನಲ್ಲಿ. ಅಮ್ಮ ಊರಿನಲ್ಲಿ ಅಣ್ಣನ ಮನೆಯಲ್ಲಿದ್ದಾರೆ. ಕೈ ನಡುಗುವುದರಿಂದ ಈಗ ಒಲೆಯ ಹತ್ತಿರ ಹೋಗುವುದಿಲ್ಲ. ಫೋನಿನಲ್ಲಿ ಕೇಳಿದರೆ “ಕಾಳು, ಸೊಪ್ಪು ಬೇಯಿಸಿ ಬಸಿದುಕೋ, ಖಾರ ರುಬ್ಬಿ ಹಾಕಿ ಕುದಿಸು, ಅದರಲ್ಲಿ ಇನ್ನೇನಿದೆ” ಎನ್ನುತ್ತಾರೆ. ಖಾರಕ್ಕೆ ಏನೇನು ಎಂದರೆ “ಎಲ್ಲರೂ ಹಾಕುವುದೇ”. ಎಷ್ಟು ಎಂದರೆ “ಅಂದಾಜಿಗೆ”.

ನಾನು ಮಾಡುವ ಕ್ರಮ: ಒಂದು ಲೋಟ ಹುರುಳಿಕಾಳು ರಾತ್ರಿ ನೆನೆಹಾಕಿ, ಕುಕ್ಕರಿನಲ್ಲಿ ನಾಲ್ಕು ಕೂಗು. ಆಮೇಲೆ ಒಂದು ಕಟ್ಟು ದಂಟಿನ ಸೊಪ್ಪು ಸೇರಿಸಿ ಬೇಯಿಸಿ ಬಸಿಯುತ್ತೇನೆ. ರುಬ್ಬುವುದಕ್ಕೆ ಅರ್ಧ ಹೋಳು ಕಾಯಿತುರಿ, ಎಣ್ಣೆಯಲ್ಲಿ ಬಾಡಿಸಿದ ಈರುಳ್ಳಿ, ಟೊಮೆಟೊ, ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಕಾಯಿ, ಜೀರಿಗೆ, ಮೆಣಸು, ಕೊತ್ತಂಬರಿ ಬೀಜ, ಹುಣಸೆಹಣ್ಣು. ಮನೆಯವರೆಲ್ಲ ಚೆನ್ನಾಗಿದೆ ಎಂದೇ ಊಟ ಮಾಡುತ್ತಾರೆ. ನನಗೆ ಮಾತ್ರ ಅದು ಹೋಟೆಲಿನ ಕುರ್ಮಾಕ್ಕೆ ದೂರದ ಸಂಬಂಧಿಯಂತೆ ಕಾಣುತ್ತದೆ. ಅಮ್ಮನದು ತೆಳ್ಳಗೆ, ಕಪ್ಪಗೆ ಇರುತ್ತಿತ್ತು, ಮುದ್ದೆ ಅದ್ದಿ ನುಂಗಿದರೆ ಗಂಟಲಿನಲ್ಲಿ ಒಂದು ಚುರುಕು ಉಳಿಯುತ್ತಿತ್ತು.

ಒಗ್ಗರಣೆ_ಶಾಸ್ತ್ರಿ
ಕುಕ್ಕರ್. ಬೇರೆ ಹುಡುಕುವ ಅಗತ್ಯವೇ ಇಲ್ಲ.

ಮುದ್ದೆಯೇ_ಮದ್ದು
ಶಾಸ್ತ್ರಿಗಳು ಒಂದೇ ಮಾತಿನಲ್ಲಿ ಮುಗಿಸಿದರು, ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಸ್ಸಾರಿನ ಜೀವ ಕಟ್ಟಿನಲ್ಲಿದೆ, ಅಂದರೆ ಬಸಿದ ನೀರಿನಲ್ಲಿ. ಕುಕ್ಕರಿನಲ್ಲಿ ಕಾಳು ಒಡೆದು ಹಿಟ್ಟು ನೀರಿಗೆ ಇಳಿಯುತ್ತದೆ, ಕಟ್ಟು ಗಂಜಿಯಾಗುತ್ತದೆ. ಅಗಲ ಪಾತ್ರೆಯಲ್ಲಿ ನೀರು ಧಾರಾಳವಾಗಿಟ್ಟು, ಕಾಳು ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕಿ, ಆಗಲೇ ಉಪ್ಪು ಹಾಕಿ. ಕಾಳನ್ನು ಬೆರಳಿನಲ್ಲಿ ಒತ್ತಿದರೆ ನುಚ್ಚಾಗಬೇಕು, ಆದರೆ ಪಾತ್ರೆಯಲ್ಲಿ ಇಡಿಯಾಗಿಯೇ ಕಾಣಬೇಕು. ಆಗ ಬಸಿಯಿರಿ. ಮೇಲೆ ಉಳಿದದ್ದು ಪಲ್ಯಕ್ಕೆ, ಕೆಳಗಿಳಿದದ್ದು ಸಾರಿಗೆ.

ಎರಡನೆಯದು, ಈರುಳ್ಳಿಯನ್ನು ಬಾಡಿಸುವುದಲ್ಲ, ಸುಡುವುದು. ಸಿಪ್ಪೆಸಮೇತ ಕೆಂಡದ ಮೇಲೆ, ಅದಿಲ್ಲದಿದ್ದರೆ ಗ್ಯಾಸಿನ ಉರಿಯ ಮೇಲೆ ಇಟ್ಟು ಹೊರಪದರ ಕರಕಲಾಗಿ ಒಳಗೆ ಮೆತ್ತಗಾಗುವವರೆಗೆ ತಿರುಗಿಸಿ. ಕರಕಲನ್ನು ಪೂರ್ತಿ ತೊಳೆಯಬೇಡಿ, ಕೈಯಿಂದ ಉಜ್ಜಿ ತೆಗೆದರೆ ಸಾಕು. ಅಮ್ಮನದು ಕಪ್ಪಗೆ ಇರುತ್ತಿತ್ತು ಎಂದಿರಲ್ಲ, ಆ ಬಣ್ಣ ಅರ್ಧ ಅಲ್ಲಿಂದ.

ತೊಟ್ಟಿಮನೆ
ಎಲ್ಲರ ಅಮ್ಮಂದಿರೂ ಮಡಕೆಯಲ್ಲಿ, ಸೌದೆ ಒಲೆಯಲ್ಲಿ ಅಡುಗೆ ಮಾಡಿದರು ಎಂಬ ಕಲ್ಪನೆಯನ್ನು ಬಿಡಿ ಸ್ವಾಮಿ. ನಮ್ಮಮ್ಮ ಕುಕ್ಕರ್ ಬಿಟ್ಟು ಬೇರೆ ಪಾತ್ರೆ ಮುಟ್ಟಿದವರಲ್ಲ. 80ರ ದಶಕದಲ್ಲಿ ನಮ್ಮ ಬೀದಿಗೆ ಮೊದಲ ಕುಕ್ಕರ್ ಬಂದದ್ದು ನಮ್ಮ ಮನೆಗೆ, ಅದು ಕೂಗುವುದನ್ನು ನೋಡುವುದಕ್ಕೆ ಅಕ್ಕಪಕ್ಕದ ಮಕ್ಕಳು ಬಾಗಿಲಲ್ಲಿ ನಿಲ್ಲುತ್ತಿದ್ದರು. ಅವರ ಬಸ್ಸಾರು ಅಮೃತ. ನೀರು ಹೆಚ್ಚಾಗಿಟ್ಟು ಒಂದು ಕೂಗಿಗೆ ಆರಿಸಿದರೆ ಕಾಳು ಒಡೆಯುವುದಿಲ್ಲ.

ಒಗ್ಗರಣೆ_ಶಾಸ್ತ್ರಿ
ನೆನೆದ ಹುರುಳಿ ಒಂದೇ ಕೂಗಿಗೆ ಬೇಯುತ್ತದೆಯೇ? ಆ ಕುಕ್ಕರಿನ ವಿಳಾಸ ಕೊಡಿ.

ತೊಟ್ಟಿಮನೆ
ಬೇಯುತ್ತದೆ. ನಿಮ್ಮ ಕಾಳು ಯಾವ ಕಾಲದ್ದೋ ಯಾರಿಗೆ ಗೊತ್ತು.

ಪ್ರಯೋಗಶಾಲೆ
ಕಾಳಿನ ವಯಸ್ಸು ಜಗಳಕ್ಕೆ ಆಡಿದ ಮಾತಲ್ಲ, ನಿಜವಾದ ವಿಷಯ. ಬಹಳ ದಿನ ಬಿಸಿಲು, ತೇವದ ಜಾಗದಲ್ಲಿ ಕುಳಿತ ಕಾಳು ಎಷ್ಟು ನೆನೆಸಿದರೂ ಬೇಗ ಮೆತ್ತಗಾಗುವುದಿಲ್ಲ. ಅದರ ಮೇಲೆ ನೀರು. ಬೆಂಗಳೂರಿನಲ್ಲಿ ನಿಮ್ಮದು ಕಾವೇರಿ ನೀರೋ ಬೋರ್‌ವೆಲ್ ನೀರೋ? ಗಡುಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಾಳಿನ ಪೆಕ್ಟಿನ್ ಜೊತೆ ಸೇರಿ ಅದನ್ನು ಬಿಗಿಗೊಳಿಸುತ್ತವೆ. ಹೋಟೆಲಿನವರು ಒಂದು ಚಿಟಿಕೆ ಸೋಡಾ ಹಾಕುವುದು ಇದೇ ಕಾರಣಕ್ಕೆ. ಆದರೆ ಮನೆಯಲ್ಲಿ ಹಾಕಬೇಡಿ, ಕಟ್ಟಿಗೆ ಸಾಬೂನಿನ ವಾಸನೆ ಬರುತ್ತದೆ.

ಹುಳಿಗೂ ಇದೇ ಗುಣ. ಕಾಳು ಬೇಯುವ ಮೊದಲೇ ಹುಣಸೆಹಣ್ಣು, ಟೊಮೆಟೊ ಬಿದ್ದರೆ ಕಾಳು ಗಟ್ಟಿಯಾಗಿಯೇ ಕುಳಿತುಬಿಡುತ್ತದೆ. ನಮ್ಮ ಅಜ್ಜಿಗೆ ಪೆಕ್ಟಿನ್ ಗೊತ್ತಿರಲಿಲ್ಲ, ಆದರೆ ಹುಳಿಯನ್ನು ಕೊನೆಗೇ ಬಿಡುತ್ತಿದ್ದರು.

ಥೇಮ್ಸ್_ತೀರದವಳು
ನೀರಿನ ಮಾತು ಅಕ್ಷರಶಃ ನಿಜ. ಲಂಡನ್ನಿನ ನಲ್ಲಿ ನೀರು ಎಷ್ಟು ಗಡುಸೆಂದರೆ ಕೆಟಲಿನ ಒಳಗೆ ಸುಣ್ಣ ಬಳಿದಂತೆ ಪದರ ಕಟ್ಟುತ್ತದೆ. ಸೋಸಿದ ನೀರಿನಲ್ಲಿ ಬೇಯಿಸುವುದಕ್ಕೆ ಶುರುಮಾಡಿದ ಮೇಲೆ ನನ್ನ ಬೇಳೆಗಳು ಮನುಷ್ಯರು ತಿನ್ನುವ ಹಾಗಾದವು.

ಇಲ್ಲಿರುವ ಉಳಿದವರಿಗೂ ಒಂದು ಸುಳಿವು: ಪಾಲಕ್ ಹಾಕಿ ಬಸ್ಸಾರು ಮಾಡಬೇಡಿ, ಕಟ್ಟಿನ ರುಚಿಯೇ ಕೆಡುತ್ತದೆ. ಬಾಂಗ್ಲಾದವರ ಅಂಗಡಿಯಲ್ಲಿ ಡಾಟಾ ಶಾಕ್ ಎಂದು ಕೇಳಿ, ನಮ್ಮ ದಂಟೇ ಸಿಗುತ್ತದೆ, ಕಾಂಡಸಮೇತ.

ಮಲ್ಲಿಗೆ_ರೊಟ್ಟಿ
ನಮ್ಮ ಧಾರವಾಡದ ಕಡೆ ಕಟ್ಟಿನ ಸಾರು ಎಂದರೆ ಹೋಳಿಗೆಯ ದಿನದ್ದು. ಹೂರಣಕ್ಕೆ ಕಡಲೆಬೇಳೆ ಬೇಯಿಸಿ ಬಸಿದ ಕಟ್ಟಿಗೆ ಒಣಕೊಬ್ಬರಿ, ಮಸಾಲೆ ಹಾಕಿ, ಒಂದು ಚೂರು ಹೂರಣವನ್ನೂ ಕದಡಿ ಕುದಿಸುತ್ತೇವೆ. ನಿಮ್ಮದು ಹುರುಳಿಯ ಕಟ್ಟು. ಅಂದಮೇಲೆ ಎರಡೂ ಒಂದೇ ಅಲ್ಲವೇ? ಸುಮ್ಮನೆ ಇಷ್ಟು ಗಲಾಟೆ ಏಕೆ?

ಮುದ್ದೆಯೇ_ಮದ್ದು
ಒಂದೇ ಅಲ್ಲ. ನಮ್ಮಲ್ಲೂ ಹಬ್ಬಕ್ಕೆ ಒಬ್ಬಟ್ಟಿನ ಸಾರು ಬೇರೆಯೇ ಇದೆ. ಬಸ್ಸಾರಿಗೆ ಬೆಲ್ಲ ಹತ್ತಿರ ಸುಳಿಯಬಾರದು.

ಹೇಮಾವತಿ_ದಂಡೆ
ಬಸ್ಸಾರನ್ನು ಉಪ್ಸಾರಿನ ಜೊತೆ ಸೇರಿಸಬೇಡಿ, ಅಷ್ಟೇ ನನ್ನ ವಿನಂತಿ. ಉಪ್ಸಾರಿನಲ್ಲಿ ಕಟ್ಟಿಗೆ ಬರೀ ಉಪ್ಪು, ಖಾರ ಬೇರೆ. ಮೆಣಸಿನಕಾಯಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಹುಣಸೆ, ಉಪ್ಪು ಇವಿಷ್ಟನ್ನು ನುಣ್ಣಗೆ ಅರೆದು ತಟ್ಟೆಯ ಅಂಚಿನಲ್ಲಿ ಇಟ್ಟುಕೊಳ್ಳುವುದು. ಬೇಕಾದಷ್ಟು ಕಲಸಿಕೊಳ್ಳುವುದು. ಮೊನ್ನೆ ಒಂದು ಅಡುಗೆ ವಿಡಿಯೊದಲ್ಲಿ ಉಪ್ಸಾರಿಗೆ ಗೋಡಂಬಿ ರುಬ್ಬಿ ಹಾಕಿದ್ದನ್ನು ನೋಡಿ ಮೊಬೈಲ್ ಮಗುಚಿಟ್ಟೆ.

ಕುಂದಾಪ್ರದ_ಗಾಳಿ
ಹುರುಳಿಯ ಸಾರು ಗೊತ್ತಿರುವುದು ನಮಗೆ. ಕೋಣಗಳಿಗೆಂದು ದೊಡ್ಡ ಹಂಡೆಯಲ್ಲಿ ಹುರುಳಿ ಬೇಯುತ್ತಿತ್ತು, ಕಾಳು ಕೋಣಕ್ಕೆ, ಬಸಿದ ನೀರು ಮನೆಗೆ. ಆ ನೀರನ್ನು ಒಲೆಯ ಮೇಲೆ ಗಂಟೆಗಟ್ಟಲೆ ಇಂಗಿಸಬೇಕು, ಸೌಟಿಗೆ ಅಂಟುವಷ್ಟು. ಆಮೇಲೆ ಉಪ್ಪು, ಹುಳಿ, ಮೆಣಸಿನಕಾಯಿ, ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ. ಮುಗಿಯಿತು. ಕಾಯಿಯ ಊರಿನವರೇ ಆದ ನಾವು ಇದಕ್ಕೆ ಒಂದು ಚೂರು ಕಾಯಿ ಹಾಕುವುದಿಲ್ಲ. ಕಪ್ಪು ಬೇಕಾದರೆ ಇಂಗಿಸಿ ಮಾರಾಯರೇ, ರುಬ್ಬಬೇಡಿ.

ಸಾಕಾಗಿದೆ_ನನಗೆ
ಎಲ್ಲರೂ ಓದಿಕೊಳ್ಳಿ ಎಂದು ಬರೆಯುತ್ತಿದ್ದೇನೆ. ನಮ್ಮ ಮನೆಯವರು ಪ್ರತಿ ಊಟದಲ್ಲೂ “ಅಮ್ಮನ ಕೈರುಚಿ ಬರಲಿಲ್ಲ” ಎನ್ನುತ್ತಾರೆ. ಅಮ್ಮ ಏನು ಹಾಕುತ್ತಿದ್ದರು ಎಂದರೆ ಗೊತ್ತಿಲ್ಲ. ಹುಟ್ಟಿದಾಗಿನಿಂದ ತಿಂದವರು, ಒಂದು ದಿನ ಅಡುಗೆಮನೆಯ ಹೊಸ್ತಿಲು ದಾಟಿ ನೋಡಿದವರಲ್ಲ. ಕಟ್ಟೆಪುರಾಣದವರು ಕೊನೆಯ ಪಕ್ಷ ತಾವೇ ಸೌಟು ಹಿಡಿದಿದ್ದಾರೆ, ಅದಕ್ಕೆ ನಮಸ್ಕಾರ.

ಬಾಣಸಿಗರ_ಮಗ
ಅಕ್ಕ, ಗಂಡಸರ ಕೈರುಚಿ ಹುಡುಕುವವರೂ ಇದ್ದೇವೆ. ನಮ್ಮಪ್ಪ ಮದುವೆ ಮನೆಗಳಲ್ಲಿ ಅಡುಗೆಗೆ ಹೋಗುತ್ತಿದ್ದವರು. ಮನೆಯಲ್ಲೂ ಭಾನುವಾರದ ಸಾರು ಅವರದ್ದೇ. ಕೇಳಿದರೆ ಅಳತೆ ಹೇಳುತ್ತಿದ್ದರು, ಆದರೆ ನೂರು ಎಲೆಗೆ ಇಷ್ಟು ಸೇರು, ಇಷ್ಟು ಪಾವು ಎಂದು. ನಾಲ್ಕು ಜನರಿಗೆ ಇಳಿಸಿದರೆ ಎಲ್ಲ ತಲೆಕೆಳಗು.

ಪ್ರಯೋಗಶಾಲೆ
ಅದರಲ್ಲಿ ಸೇರಿನದೂ ಒಂದು ತೊಡಕಿದೆ. ಸರ್ಕಾರದ ಲೆಕ್ಕದ ಸೇರು 80 ತೊಲ, ಅಂದರೆ ಸುಮಾರು 933 ಗ್ರಾಂ. ಹಳೆಯ ಮೈಸೂರು ಸೀಮೆಯ ಕಚ್ಚಾ ಸೇರು 24 ತೊಲ, ಅದು 280 ಗ್ರಾಂ ದಾಟುವುದಿಲ್ಲ. ಹಿರಿಯರು ಸೇರು ಎಂದಾಗ ಯಾವುದು ಎಂದು ಕೇಳದೆ ಮೆಣಸಿನಕಾಯಿ ತೂಗಿದರೆ ಊಟಕ್ಕೆ ಕುಳಿತವರು ಎದ್ದು ಓಡುತ್ತಾರೆ. ಪಾವು, ಚಟಾಕು ಎಂದು ಅಳೆಯುವ ಪಾತ್ರೆ ಮನೆಯಲ್ಲಿ ಉಳಿದಿದ್ದರೆ ಅದರಲ್ಲಿ ಕಾಳು ತುಂಬಿ ಒಮ್ಮೆ ತೂಗಿ ಬರೆದಿಟ್ಟುಕೊಳ್ಳಿ. ಆ ಮನೆಗೆ ಅದೇ ಸರಿಯಾದ ಅಳತೆ.

ನಿಂತುಹೋದ_ಗಡಿಯಾರ
ಕಟ್ಟೆಪುರಾಣದವರೇ, ನಿಮ್ಮ ಪ್ರಶ್ನೆಯ ದಿಕ್ಕನ್ನೇ ಬದಲಿಸಿ. “ಹೇಗೆ ಮಾಡುತ್ತಿದ್ದೆ” ಎಂದು ಅಮ್ಮನನ್ನು ಕೇಳಿದರೆ ಅವರು ಉತ್ತರಿಸುವುದು ಈಗಿನ ಅಡುಗೆಯನ್ನು, ಅದೂ ಸೊಸೆಗೆ ಹೇಳಿಕೊಡುವ ರೀತಿಯಲ್ಲಿ. ಅದರ ಬದಲು ಮನೆಯ ವಿಚಾರ ಕೇಳಿ. ಆಗ ಕಾಯಿ ಎಲ್ಲಿಂದ ಬರುತ್ತಿತ್ತು? ಎಣ್ಣೆ ಯಾವುದು, ಯಾರ ಗಾಣದ್ದು? ಮೆಣಸಿನಕಾಯಿ ಹಿತ್ತಲಿನದೋ ಸಂತೆಯದೋ? ಸೊಪ್ಪನ್ನು ಕೊಂಡದ್ದೋ ಕಿತ್ತದ್ದೋ? ಸಾರು ಮಾಡುತ್ತಿದ್ದದ್ದು ಬೆಳಗ್ಗೆಯೋ ಸಂಜೆಯೋ? ನಮ್ಮಮ್ಮನಿಗೆ ಅಡುಗೆ ಮರೆತುಹೋಗಿತ್ತು. ಆದರೆ ಯಾವ ಅಂಗಡಿಯವನಿಗೆ ಎಷ್ಟು ಸಾಲ ಉಳಿದಿತ್ತು, ಅದರಲ್ಲಿ ಏನೇನು ತಂದದ್ದು ಎಂಬುದು ಒಂದೂ ಮರೆತಿರಲಿಲ್ಲ. ಅವರ ಗೊಜ್ಜಿನ ಹದ ನನಗೆ ಸಿಕ್ಕಿದ್ದು ಆ ಸಾಲದ ಲೆಕ್ಕದಿಂದ.

ಕಟ್ಟೆಪುರಾಣ
ಇದನ್ನು ಈ ವಾರವೇ ಮಾಡುತ್ತೇನೆ. ಪ್ರಯೋಗಶಾಲೆಯವರೇ, ನಮ್ಮದು ಬೋರ್‌ವೆಲ್ ನೀರು.

ಪ್ರಯೋಗಶಾಲೆ
ಹಾಗಾದರೆ ಕುಡಿಯುವ ಕ್ಯಾನ್ ನೀರಿನಲ್ಲಿ ಒಮ್ಮೆ ಕಾಳು ಬೇಯಿಸಿ ನೋಡಿ.

ಅಂಗಳದ_ತುಳಸಿ
ಬ್ಯಾಡಗಿ ಮೆಣಸಿನಕಾಯಿಯ ಬಗ್ಗೆ ಯಾರೂ ಮಾತನಾಡಲಿಲ್ಲವಲ್ಲ! ಅದು ಬಣ್ಣದ ಕಾಯಿ. ಹಾವೇರಿ ಜಿಲ್ಲೆಯ ಆ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ, ನನಗೂ ಹೆಮ್ಮೆಯೇ. ಆದರೆ ಖಾರ ಕಡಿಮೆ, ಕೆಂಪು ಜಾಸ್ತಿ. ಗಂಟಲಿನಲ್ಲಿ ಚುರುಕು ಬೇಕು ಎನ್ನುತ್ತೀರಿ, ಹಾಕುವುದು ಬ್ಯಾಡಗಿ. ಸ್ವಲ್ಪ ಗುಂಟೂರು ಸೇರಿಸಿ, ಕಾಳುಮೆಣಸನ್ನೂ ಹೆಚ್ಚಿಸಿ. ಬೆಳ್ಳುಳ್ಳಿಯ ಎರಡು ಎಸಳನ್ನು ಹಸಿಯಾಗಿ ಜಜ್ಜಿ ಸಾರು ಇಳಿಸುವಾಗ ಹಾಕಿ. ಬೆಳ್ಳುಳ್ಳಿಯ ಘಾಟು ಹುಟ್ಟುವುದೇ ಜಜ್ಜಿದಾಗ, ಬಹಳ ಹೊತ್ತು ಕುದಿಸಿದರೆ ಹೋಗಿಬಿಡುತ್ತದೆ.

ಮುದ್ದೆಯೇ_ಮದ್ದು
ಒರಳಿನಲ್ಲಿ ಅರೆದರೆ ಇನ್ನೂ ವಾಸಿ.

ತೊಟ್ಟಿಮನೆ
ಒರಳು ಬಂತು! ಮುಂದೆ ಬಾವಿ, ಏತ, ಎತ್ತಿನಗಾಡಿ ಎಲ್ಲವೂ ಬರಲಿ. ಮಿಕ್ಸಿಯನ್ನು ತಡೆದು ತಡೆದು ತಿರುಗಿಸಿ, ಮಸಾಲೆ ಬಿಸಿಯಾಗಲು ಬಿಡಬೇಡಿ, ಅಷ್ಟು ಸಾಕು.

ಕಟ್ಟೆಪುರಾಣ
ಅಮ್ಮನ ಜೊತೆ ಮಾತನಾಡಿದೆ. ಗಡಿಯಾರದವರು ಹೇಳಿದ ಪ್ರಶ್ನೆಗಳನ್ನೇ ಕೇಳಿದೆ. ಎಂದೂ ಎರಡು ಮಾತಿಗೆ ಫೋನ್ ಇಡುವವರು ಅಣ್ಣನ ಮೊಬೈಲಿನ ಚಾರ್ಜು ಮುಗಿಯುವವರೆಗೆ ಮಾತನಾಡಿದರು.

ಕಾಯಿಯೇ ಇಲ್ಲ! ಮನೆಯ ಮುಂದೆ ತೆಂಗಿನ ಮರಗಳಿದ್ದವು, ನಾನೂ ಕಂಡಿದ್ದೇನೆ. ಆದರೆ ಕಾಯಿಯೆಲ್ಲ ವ್ಯಾಪಾರಿಗೆ, ನಮ್ಮ ಶಾಲೆಯ ಖರ್ಚು ಅದರಲ್ಲೇ. ಹಬ್ಬಕ್ಕೆ, ನೆಂಟರು ಬಂದರೆ ಮಾತ್ರ ಒಡೆಯುತ್ತಿದ್ದರಂತೆ. “ದಿನದ ಸಾರಿಗೆ ಕಾಯಿ ಹಾಕುವಷ್ಟು ಸಾಹುಕಾರರೇ ನಾವು?” ಎಂದು ನಕ್ಕರು. ಈಗ ಅತ್ತಿಗೆ ಹಾಕುತ್ತಾರೆ, ಅಮ್ಮನಿಗೂ ಅದೇ ಇಷ್ಟವಂತೆ!

ಮಂದವಾಗುವುದಕ್ಕೆ ಬೆಂದ ಕಾಳು, ಸೊಪ್ಪಿನಲ್ಲೇ ಒಂದು ಹಿಡಿ ತೆಗೆದು ಖಾರದ ಜೊತೆ ರುಬ್ಬುತ್ತಿದ್ದರು. ಅದರ ಜೊತೆ ಹುರಿದ ಹುಚ್ಚೆಳ್ಳು ಒಂದು ಚಮಚದಷ್ಟು. ರಾಗಿ ಹೊಲದ ನಡುನಡುವೆ ಬಿಡುವ ಅಕ್ಕಡಿ ಸಾಲಿನಲ್ಲಿ ಅವರೆ, ಸಾಸಿವೆ, ಹುಚ್ಚೆಳ್ಳು ಬೆಳೆಯುತ್ತಿದ್ದರು, ಅದೇ ಮನೆಗೆ. ಟೊಮೆಟೊ ಇಲ್ಲ. ಸೊಪ್ಪು ದಂಟೊಂದೇ ಅಲ್ಲ, ಕಳೆ ಕೀಳುವಾಗ ಸೆರಗಿಗೆ ಬಿದ್ದದ್ದೆಲ್ಲ: ಅಣ್ಣೆ, ಹೊನಗೊನ್ನೆ, ಗಣಿಕೆ, ಕೀರೆ.

ಇನ್ನೊಂದು ವಿಷಯ. ಹೊಲಕ್ಕೆ ಹೋಗುವ ಮೊದಲು ಬೆಳಗ್ಗೆ ಸಾರು ಮಾಡುತ್ತಿದ್ದರು. ನಾವು ಮಕ್ಕಳು ಅದನ್ನು ಉಣ್ಣುತ್ತಿದ್ದದ್ದು ರಾತ್ರಿ, ಮತ್ತೆ ಕುದಿಸಿದ ಮೇಲೆ. ಉಳಿದರೆ ಮರುದಿನವೂ ಅದನ್ನೇ ಕುದಿಸುತ್ತಿದ್ದರು. ಹೊಸ ಸಾರನ್ನು ನಾನು ತಿಂದದ್ದೇ ಕಡಿಮೆ.

ಕುಂದಾಪ್ರದ_ಗಾಳಿ
ಇಂಗಿಸಿ ಎಂದಿದ್ದೆ!

ಮಲ್ಲಿಗೆ_ರೊಟ್ಟಿ
ಕಟ್ಟಿನ ಸಾರೂ ಮರುದಿನವೇ ರುಚಿ, ಹೋಳಿಗೆಗಿಂತ ಅದಕ್ಕೇ ಕಾಯುವವರಿದ್ದೇವೆ. ಅಂದಹಾಗೆ ಹುಚ್ಚೆಳ್ಳು ಎಂದರೆ ನಮ್ಮ ಗುರೆಳ್ಳು. ಅದಿಲ್ಲದೆ ನಮ್ಮಲ್ಲಿ ಎಣ್ಣೆಗಾಯಿ ಆಗುವುದಿಲ್ಲ. ಕೊನೆಗೆ ನಮ್ಮ ದಾರಿಗೇ ಬಂದಿರಿ.

ಹೇಮಾವತಿ_ದಂಡೆ
ಕ್ಷಮಿಸಿ, ಕಾಯಿ ಹಾಕದ್ದನ್ನು ಬಸ್ಸಾರು ಎಂದು ನಾನು ಒಪ್ಪುವುದಿಲ್ಲ. ನಮ್ಮಜ್ಜಿ, ಅವರ ಅತ್ತೆ ಎಲ್ಲರೂ ಕಾಯಿ ಹಾಕಿದವರೇ. ಬಡತನಕ್ಕೆ ಮಾಡಿದ್ದನ್ನು ಈಗ ಅಸಲಿ ಎಂದು ಹೊಗಳುವುದು ಹೊಸ ಚಾಳಿ.

ನಿಂತುಹೋದ_ಗಡಿಯಾರ
ಅವರು ಅಸಲಿ ಎಂದು ಎಲ್ಲೂ ಬರೆದಿಲ್ಲ, ತಮ್ಮ ಅಮ್ಮನದು ಎಂದಷ್ಟೇ ಬರೆದಿದ್ದಾರೆ. ನಾಲೆ ನೀರು ಹರಿಯುವ ಮದ್ದೂರು, ಮಂಡ್ಯದ ಬಯಲಿನ ಊಟ ಬೇರೆ, ಮಳೆ ನೋಡಿಕೊಂಡು ಬಿತ್ತುವ ನಾಗಮಂಗಲದ ಊಟ ಬೇರೆ. ಒಂದೇ ಜಿಲ್ಲೆ. ನಿಮ್ಮ ಅಜ್ಜಿಯ ಮನೆಯಲ್ಲಿ ಕಾಯಿ ಮಾರುವ ಅಗತ್ಯವಿರಲಿಲ್ಲ, ಅಷ್ಟೇ.

ಹೇಮಾವತಿ_ದಂಡೆ
ನಮ್ಮ ಅಜ್ಜಿಯ ಮನೆಯ ಲೆಕ್ಕ ನಿಮಗೆ ಹೇಗೆ ಗೊತ್ತು?

ಬಾಣಸಿಗರ_ಮಗ
ಜಗಳ ಬೇಡ. ಅಪ್ಪ ಹೇಳುತ್ತಿದ್ದರು, ಮದುವೆ ಮನೆಯವರು ಕಾಯಿ ಎಣಿಸಿ ಕೊಟ್ಟರೆ ಬೇಳೆ ರುಬ್ಬಿ ಮಂದ ಮಾಡು, ಸುಮ್ಮನೆ ಕೊಟ್ಟರೆ ಕಾಯಿ ಹಾಕು ಎಂದು. ಎರಡನ್ನೂ ಜನ ಎಲೆ ಬಳಿದು ಉಂಡಿದ್ದಾರೆ.

ಕಾಡುಮಲ್ಲೇಶ
ಸಾರಿನ ಬಗ್ಗೆ ಇಷ್ಟು ಮಾತಾಯಿತು, ಮುದ್ದೆಯ ಬಗ್ಗೆ ಯಾರೂ ಕೇಳಲಿಲ್ಲ. ರಾಗಿಯೂ ಆಗಿನದಲ್ಲ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮಿನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಸೇರಿಸಿ ಇಂಡಾಫ್ ತಳಿಗಳನ್ನು ತಂದ ಮೇಲೆ ಇಳುವರಿ ಏರಿತು, ಜನ ಹೊಟ್ಟೆ ತುಂಬ ಉಂಡರು, ಅದಕ್ಕೆ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆಯುತ್ತಾರೆ. ಅದಕ್ಕೂ ಹಿಂದಿನ ನಾಟಿ ರಾಗಿಯ ಮುದ್ದೆ ತಿಂದವರು ರುಚಿಯೇ ಬೇರೆ ಎನ್ನುತ್ತಾರೆ. ಕಟ್ಟೆಪುರಾಣದವರ ಬಾಲ್ಯದ ಮುದ್ದೆ ಯಾವುದರದ್ದು?

ಒಗ್ಗರಣೆ_ಶಾಸ್ತ್ರಿ
ದಯವಿಟ್ಟು ಅಮ್ಮನಿಗೆ ಮತ್ತೆ ಫೋನ್ ಮಾಡಿಸಬೇಡಿ, ಆ ಅಣ್ಣನ ಮೊಬೈಲಿನ ಗತಿ ಏನಾಗಬೇಕು?

ಕಟ್ಟೆಪುರಾಣ
ಭಾನುವಾರ ಮಾಡಿದೆ. ಕ್ಯಾನ್ ನೀರು, ಅಗಲ ಪಾತ್ರೆ, ಸುಟ್ಟ ಈರುಳ್ಳಿ, ಕಾಯಿ, ಟೊಮೆಟೊ ಎರಡೂ ಇಲ್ಲ. ಹುಚ್ಚೆಳ್ಳನ್ನು ಒಣ ಬಾಣಲೆಯಲ್ಲಿ ಹುರಿದೆ, ಚಟಪಟ ಸದ್ದು ನಿಲ್ಲುವ ಹೊತ್ತಿಗೆ ಅಡುಗೆಮನೆಯೆಲ್ಲ ಆ ವಾಸನೆ. ರುಬ್ಬಿದ ಮೇಲೆ ಖಾರ ಬೂದು ಬಣ್ಣಕ್ಕೆ ತಿರುಗಿತು, ಕಟ್ಟಿಗೆ ಬಿಟ್ಟಾಗ ಸ್ವಲ್ಪ ಅಂಜಿಕೆಯೇ ಆಯಿತು. ಮಧ್ಯಾಹ್ನ ತಿಂದಾಗ ಹುಳಿ ಬೇರೆ, ಖಾರ ಬೇರೆ, ಹುರುಳಿಯ ವಾಸನೆ ಬೇರೆ. ರಾತ್ರಿ ಮತ್ತೆ ಕುದಿಸಿ, ಬೆಳ್ಳುಳ್ಳಿ ಜಜ್ಜಿ ಹಾಕಿ ಮುದ್ದೆಯ ಜೊತೆ ಉಂಡೆ. ಬಹಳ ಹತ್ತಿರ ಬಂತು. ಸೊಪ್ಪಿನದೊಂದು ಉಳಿಯಿತು, ದಂಟೊಂದರಲ್ಲಿ ಆ ಸಣ್ಣ ಕಹಿ ಬರುವುದಿಲ್ಲ.

ಮಗಳು ಒಂದು ತುತ್ತು ತಿಂದು, “ಅಪ್ಪ, ಇದಕ್ಕೆ ಕಾಯಿ ಹಾಕುವುದು ಮರೆತೆಯಾ?” ಎಂದು ಕೇಳಿದಳು.

ಸಾಕಾಗಿದೆ_ನನಗೆ
ಮುಂದೆ ಅವಳೂ ಒಂದು ದಿನ ಇಲ್ಲಿ ಬಂದು ಅಪ್ಪನ ಕಾಯಿ ಬಸ್ಸಾರು ಬರುತ್ತಿಲ್ಲ ಎಂದು ಬರೆಯುತ್ತಾಳೆ, ಕಾದು ನೋಡಿ.

ಅಂಗಳದ_ತುಳಸಿ
ಬೆರಕೆ ಸೊಪ್ಪು ಬೇಕಾದರೆ ಸೂಪರ್ ಮಾರ್ಕೆಟ್ಟಿಗೆ ಹೋಗಬೇಡಿ. ಬೆಳಗ್ಗೆ ಬೇಗ ಕೆ.ಆರ್. ಮಾರುಕಟ್ಟೆಯ ಹತ್ತಿರ ಹಳ್ಳಿಗಳಿಂದ ಬಂದು ನೆಲದಲ್ಲಿ ಗೋಣಿ ಹಾಸಿ ಕೂರುವ ಅಜ್ಜಿಯರನ್ನು ಕೇಳಿ. ಮಳೆ ಬಿದ್ದ ಮೇಲೆ ಅಣ್ಣೆ, ಹೊನಗೊನ್ನೆ ಸಿಗುತ್ತವೆ. ಬೇಸಿಗೆಯಲ್ಲಿ ಕೇಳಿದರೆ ನಿಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ.

ಥೇಮ್ಸ್_ತೀರದವಳು
ಹುಚ್ಚೆಳ್ಳು ಇಲ್ಲಿ ಹಕ್ಕಿಗಳ ಕಾಳಿನ ಪೊಟ್ಟಣದಲ್ಲಿ ಮಾತ್ರ ಕಾಣುತ್ತದೆ. ಅದನ್ನು ತಿನ್ನಬಹುದೇ?

ಪ್ರಯೋಗಶಾಲೆ
ಬೇಡ ತಾಯಿ. ಹಕ್ಕಿಗಳಿಗೆಂದು ಮಾರುವ ಕಾಳನ್ನು ಮನುಷ್ಯರ ಆಹಾರದ ಹಾಗೆ ಪರೀಕ್ಷಿಸಿರುವುದಿಲ್ಲ. ಇಥಿಯೋಪಿಯಾದವರ ಅಂಗಡಿ ಇದ್ದರೆ ಅಲ್ಲಿ ನೂಗ್ ಎಂದು ಕೇಳಿ, ಅವರ ದೇಶದ ಮುಖ್ಯ ಎಣ್ಣೆಕಾಳುಗಳಲ್ಲಿ ಅದೂ ಒಂದು.

ಮಲ್ಲಿಗೆ_ರೊಟ್ಟಿ
ಊರಿಗೆ ಬಂದಾಗ ನನ್ನನ್ನು ಕೇಳಿ, ಗುರೆಳ್ಳು ಚಟ್ನಿಪುಡಿಯನ್ನೇ ಕಟ್ಟಿಕೊಡುತ್ತೇನೆ.

ಹೇಮಾವತಿ_ದಂಡೆ
ಚಟ್ನಿಪುಡಿಯನ್ನು ಬಸ್ಸಾರಿಗೆ ಹಾಕಬೇಡಿ!

ಮಲ್ಲಿಗೆ_ರೊಟ್ಟಿ
ಹಾಕಿ ಎಂದು ಯಾರು ಹೇಳಿದರು? ರೊಟ್ಟಿಗೆ ಹಚ್ಚಿಕೊಳ್ಳುವುದಕ್ಕೆ.